ಮೂರನೆಯ ಹಾಡು

ಬೆಳಗಿನಿಂದ ಜವರಪ್ಪನ ಕೈ ನಾಲ್ಕು ಸಲ ಅಂಗಿಯ ಜೇಬಿಗೆ ಹೋಗಿ ಬಂದಿತ್ತು. ಬರೆದ ಎರಡು ಹಾಳೆ ಅಲ್ಲೇ ಇದ್ದವು, ಎಲ್ಲಿಗೂ ಓಡಿಹೋಗಿರಲಿಲ್ಲ. ಆದರೂ ಮುಟ್ಟಿ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಹುಣಿಸೆಮರದ ಕೊಂಬೆಗೆ ಮೈಕ್ ಸೆಟ್ಟಿನ ಹಾರ್ನು ಬಿಗಿಯುವಾಗ, ಜೊತೆಗಾರ ಮುನುಸ್ವಾಮಿ ಕೆಳಗಿನಿಂದ ವೈರು ಎಸೆಯುವಾಗ, ಕಿವಿ ಚುಚ್ಚುವ ಮನೆಯವರು ಬೆಲ್ಲದ ಕಾಫಿ ತಂದುಕೊಟ್ಟಾಗ ಕೂಡ ಅವನ ಮನಸ್ಸು ಹಾಳೆಯ ಕೊನೆಯ ಸಾಲಿನಲ್ಲೇ ಇತ್ತು. ಕೊನೆಯ ಸಾಲನ್ನು ಇನ್ನೂ ಬರೆದಿರಲಿಲ್ಲ. ಸಂಜೆ ಐದಕ್ಕೆ ಸೇಲಂ ಬಸ್ಸು ಅದಿಯಮಾನ್‌ಕೋಟೆಯ ಟೀ ಅಂಗಡಿ ಮುಂದೆ ನಿಲ್ಲುತ್ತದೆ. ಅಷ್ಟರೊಳಗೆ ಅದನ್ನು ಬರೆದು ಮುಗಿಸಿ, ಹಾಳೆಯನ್ನೂ ಚೀಲದಲ್ಲಿರುವ ರೆಕಾರ್ಡನ್ನೂ ಅದರಲ್ಲಿ ಬರುವ ಗೆಳೆಯ ಪಳನಿಸ್ವಾಮಿಯ ಕೈಗೆ ಕೊಡಬೇಕು. ಪಳನಿಸ್ವಾಮಿ ಅದನ್ನು ಮದ್ರಾಸಿಗೆ ಒಯ್ಯುತ್ತಾನೆ. ಆಮೇಲೆ ಮುನಿವೆಂಕಟಪ್ಪನ ರೆಕಾರ್ಡು ಎರಡನೆಯ ಸಲ ಅಚ್ಚಾಗುತ್ತದೆ, ಈ ಸಲ ಬಣ್ಣದ ರಟ್ಟಿನ ಕವರಿನೊಂದಿಗೆ. ಕವರಿನ ಹಿಂಬದಿಯಲ್ಲಿ ಜವರಪ್ಪನ ಬರಹ, ಬರಹದ ಕೆಳಗೆ ಜವರಪ್ಪನ ಹೆಸರು. ನಲ್ಲಂಪಳ್ಳಿಯ ಮೈಕ್ ಸೆಟ್ಟಿನ ಜವರಪ್ಪ ಅಂತ ಅಲ್ಲ, ಬರೀ ಜವರಪ್ಪ ಅಂತ. ಮೂವತ್ತೈದು ವರ್ಷದಲ್ಲಿ ಅವನ ಹೆಸರು ಅಚ್ಚಾಗಿದ್ದು ಒಂದೇ ಸಲ, ಓಟಿನ ಪಟ್ಟಿಯಲ್ಲಿ. ಅಲ್ಲೂ ತಪ್ಪಾಗಿತ್ತು.

ಆರು ವರ್ಷದ ಹಿಂದೆ, ಅರವತ್ತೆಂಟರಲ್ಲಿ, ಮದ್ರಾಸಿನ ಒಂದು ಸಣ್ಣ ಕಂಪನಿಯವರಿಗೆ ಅದೇನು ಬುದ್ಧಿ ಬಂತೋ, ಕುರಿ ಕಾಯುವ ಮುನಿವೆಂಕಟಪ್ಪನನ್ನು ಕರೆಸಿ ನಾಲ್ಕು ಕನ್ನಡ ಪದ ಹೇಳಿಸಿ ಒಂದು ಚಿಕ್ಕ ರೆಕಾರ್ಡು ಮಾಡಿಬಿಟ್ಟರು. ಮದ್ರಾಸಿನಲ್ಲಿ ಅದನ್ನು ಕೇಳುವವರಿಲ್ಲ, ಬೆಂಗಳೂರಿನವರಿಗೆ ಅದು ಹುಟ್ಟಿದ್ದೇ ಗೊತ್ತಿಲ್ಲ. ಧರ್ಮಪುರಿ ಕಡೆಯ ಹಳ್ಳಿಗಳಲ್ಲಿ ಒಂದಿಪ್ಪತ್ತು ಮಾರಾಟವಾಗಿರಬೇಕು. ಉಳಿದದ್ದೂ, ಅದರ ಅಚ್ಚೂ ಕಂಪನಿಯ ಗೋಡೌನಿಗೆ ಮಳೆನೀರು ನುಗ್ಗಿದಾಗ ಹಾಳಾದವು. ಈಗ ಮತ್ತೆ ಅಚ್ಚು ಹಾಕಬೇಕೆಂದರೆ ಗೀರಿಲ್ಲದ ರೆಕಾರ್ಡು ಒಂದು ಬೇಕು. ಅಂಥದ್ದು ಇರುವುದು ಜವರಪ್ಪನ ಹತ್ತಿರ ಮಾತ್ರ. ಅವನ ಹತ್ತಿರ ಎರಡಿವೆ. ಒಂದನ್ನು ಮದುವೆ ಮುಂಜಿಗಳಲ್ಲಿ ಹಾಕಿ ಹಾಕಿ ಸವೆಸಿದ್ದಾನೆ. ಇನ್ನೊಂದಕ್ಕೆ ಒಂದು ದಿನವೂ ಮುಳ್ಳು ತಾಗಿಸಿಲ್ಲ, ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದ. ಟ್ರಂಕಿನಲ್ಲಿ ಆ ಹೆಂಗಸಿಗಿಂತ ಆ ರೆಕಾರ್ಡಿಗೇ ಹೆಚ್ಚು ಜಾಗವಿತ್ತು ಅಂದರೂ ತಪ್ಪಿಲ್ಲ.

ಅವನ ಅಭಿಪ್ರಾಯಗಳು ಸುತ್ತಲಿನ ಊರಿಗೆಲ್ಲ ಗೊತ್ತು. ಸಿನಿಮಾ ಹಾಡೆಂದರೆ ನಾಲ್ಕು ಜನರ ಎಂಜಲು. ಒಬ್ಬ ಬರೆಯುತ್ತಾನೆ, ಒಬ್ಬ ರಾಗ ಕಟ್ಟುತ್ತಾನೆ, ಮೂರನೆಯವನು ಗಂಟಲು ಕೊಡುತ್ತಾನೆ, ನಾಲ್ಕನೆಯವನು ತುಟಿ ಅಲ್ಲಾಡಿಸಿ ಹೆಸರು ಹೊಡೆದುಕೊಳ್ಳುತ್ತಾನೆ. ಹೊಟ್ಟೆಪಾಡಿಗೆ ದಿನವೂ ಅದನ್ನೇ ಹಾಕುವ ಜವರಪ್ಪ ಹಾಕುವಾಗಲೆಲ್ಲ ಮುಖ ಸಿಂಡರಿಸುತ್ತಾನೆ. ತಾನೇ ಕಟ್ಟಿ ತಾನೇ ಹಾಡುವವನು ಮಾತ್ರ ಹಾಡುಗಾರ, ಉಳಿದವರೆಲ್ಲ ಕೂಲಿಯವರು. ಮುನಿವೆಂಕಟಪ್ಪನ ರೆಕಾರ್ಡಿನಲ್ಲಿ ಪಿಟೀಲಿಲ್ಲ, ಹಾರ್ಮೋನಿಯಂ ಇಲ್ಲ. ಒಂದು ಕಂಜಿರ, ಒಂದು ಗಂಟಲು. ಭಾನುವಾರ ಅದಿಯಮಾನ್‌ಕೋಟೆಯ ಟೀ ಅಂಗಡಿಯ ಹಿಂದೆ ಸೇರುವ ಐದಾರು ಜನ ಆ ರೆಕಾರ್ಡಿನ ಮೂರನೆಯ ಹಾಡಿನ ಬಗ್ಗೆ ಆರು ವರ್ಷದಿಂದ ಮಾತಾಡುತ್ತಿದ್ದರು, ಮಾತು ಮುಗಿದಿರಲಿಲ್ಲ. 'ಬಾಗ್ಲು ತೆರೆದೈತೆ, ನೀರು ಕಾದೈತೆ, ಎದ್ದು ಬಾರವ್ವ' ಎಂದು ಅದು ಶುರುವಾಗುತ್ತದೆ. ಶುರುವಾಗುವ ಮೊದಲು ಹಾಡುಗಾರ ಒಂದು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಆ ಉಸಿರಿನ ಮೇಲೆಯೇ ಅವರು ಎರಡು ಭಾನುವಾರ ವಾದ ಮಾಡಿದ್ದರು. ಸೇಲಂನಲ್ಲಿ ಟೈಪಿಸ್ಟ್ ಆಗಿದ್ದ ಪಳನಿಸ್ವಾಮಿಗೆ ಕನ್ನಡ ಬಾರದು. ಜವರಪ್ಪ ತಮಿಳಿನಲ್ಲಿ ಅರ್ಥ ಹೇಳಿದ ಮೇಲೆ, ಇದು ಭಕ್ತ ದೇವಿಯನ್ನು ಕರೆಯುವ ಹಾಡು ಎಂದು ಅವನು ತೀರ್ಮಾನಿಸಿದ್ದ. ಜವರಪ್ಪ ಒಪ್ಪಿರಲಿಲ್ಲ. ಮುನಿಸಿಕೊಂಡ ಹೆಂಡತಿಗೆ ಗಂಡ ಹೇಳುವ ಮಾತದು. ಬಿಸಿನೀರು ಕಾಯಿಸಿಟ್ಟು ಹೆಂಡತಿಗಾಗಿ ಕಾಯುವ ಗಂಡಸನ್ನು ಯಾವ ಕವಿ ತಂದಿದ್ದಾನೆ, ತೋರಿಸಿ ನೋಡೋಣ ಎಂದು ಅವನು ಸವಾಲು ಹಾಕುತ್ತಿದ್ದ. ಉಳಿದ ಮೂರು ಹಾಡುಗಳ ಬಗ್ಗೆಯೂ ಅವನಿಗೆ ಅಭಿಪ್ರಾಯವಿತ್ತು. ಮೊದಲೆರಡು ಮೂರನೆಯದಕ್ಕೆ ಹತ್ತುವ ಮೆಟ್ಟಿಲು, ನಾಲ್ಕನೆಯದು ಇಳಿಯುವ ಮೆಟ್ಟಿಲು. ಇದನ್ನೂ ಹಾಳೆಯಲ್ಲಿ ಬರೆದಿದ್ದ. ಬರೆದದ್ದು ತಮಿಳಿನಲ್ಲಿ. ಕನ್ನಡ ಅವನ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಆ ಕಡೆಯ ಸ್ಕೂಲುಗಳು ಯಾರ ಕೈಗೂ ಅದನ್ನು ಕೊಟ್ಟಿರಲಿಲ್ಲ.

ಹಾಳೆಯಲ್ಲಿ ಅವನಿಗೆ ತುಂಬ ಇಷ್ಟವಾದ ಭಾಗ ಆಡಿನ ಕಥೆ. ಅದು ನಡೆದದ್ದು ಇದೇ ಊರಿನಲ್ಲಿ, ಪಾಪಿರೆಡ್ಡಿಪಟ್ಟಿಯಿಂದ ಎರಡು ಮೈಲಿ ಒಳಗಿರುವ ಈ ಊರಿನ ಇದೇ ಕಟ್ಟೆಯ ಮೇಲೆ. ರೆಕಾರ್ಡು ಬಂದ ಹೊಸತರಲ್ಲಿ ಇಲ್ಲೊಂದು ಮದುವೆಗೆ ಹಾರ್ನು ಕಟ್ಟಿ ಜವರಪ್ಪ ಅದನ್ನು ಮೊದಲ ಸಲ ಹಾಕಿದ್ದ. ಮಾರನೆಯ ದಿನ ಹಾರ್ನು ಬಿಚ್ಚುವಾಗ ಕಟ್ಟೆಯ ಮೇಲೆ ಪಂಚಾಯ್ತಿ ಕೂತಿತ್ತು. ಅಂಕಮ್ಮ ಎಂಬ ವಿಧವೆ ತನ್ನ ಪಕ್ಕದ ಮನೆಯ ಮುನಿವೆಂಕಟಪ್ಪನ ಮೇಲೆ ದೂರು ತಂದಿದ್ದಳು. ನನ್ ಆಡು ತಕ್ಕಂಡೋಗಿ ಮದ್ರಾಸ್‌ನಾಗೆ ಮಾರ್ಕಂಡವ್ನೆ ಎಂದಳು. ಜನ ಗೊಳ್ಳೆಂದು ನಕ್ಕರು. ಒಂದು ಆಡು ಮಾರಲು ಮದ್ರಾಸಿಗೆ ರೈಲು ಹತ್ತುವವನುಂಟೇ? ಬರೆಯಲು ಬರುವವನು ಜವರಪ್ಪ ಒಬ್ಬನೇ ಅಂತ ಅವನನ್ನು ಮರದಿಂದ ಇಳಿಸಿ ಕೈಗೆ ಕಾಗದ ಕೊಟ್ಟರು. ಗಂಡೋ ಹೆಣ್ಣೋ ಎಂದು ಹಿರಿಯರು ಕೇಳಿದರು. ಎಣ್ಣುಮಕ್ಳುದು ಎಂದಳು. ವಯಸ್ಸೆಷ್ಟು? ನಮ್ಮವ್ವಂದು, ಅವ್ಳವ್ವಂದು ಎಂದಳು. ಮೂರು ತಲೆಮಾರಿನ ಆಡು ಎಂದು ಯಾರೋ ಹೇಳಿದ್ದಕ್ಕೆ ಹೆಂಗಸರೂ ನಕ್ಕರು. ಜವರಪ್ಪ ತಮಿಳಿನಲ್ಲಿ 'ಒರು ಪೆಟ್ಟೈ ಆಡು', ಒಂದು ಹೆಣ್ಣಾಡು, ಎಂದು ಬರೆದ. ಮುನಿವೆಂಕಟಪ್ಪ ಒಂದು ಮಾತೂ ಆಡದೆ ಎದ್ದುಹೋಗಿ ತನ್ನ ಹಿಂಡಿನಿಂದ ಒಳ್ಳೆಯ ಹೆಣ್ಣಾಡು ಒಂದನ್ನು ತಂದು ಅಂಕಮ್ಮನ ಬಾಗಿಲಿಗೆ ಕಟ್ಟಿದ. ಅವಳು ಅದನ್ನು ನೋಡಿ ಇದ್ಯಾಕೆ ಎಂದಳು. ಅದಕ್ಕೂ ನಕ್ಕರು. ಮಾಡದ ತಪ್ಪಿಗೆ, ಅರೆಬುದ್ಧಿಯ ವಿಧವೆಯ ಜೊತೆ ವಾದಿಸದೆ, ಇರುವ ಆಡನ್ನೇ ಕೊಟ್ಟ ಮನುಷ್ಯ. ಅಂಥವನೇ ಆ ಮೂರನೆಯ ಹಾಡು ಕಟ್ಟಬಲ್ಲ ಎಂದು ಜವರಪ್ಪ ಬರೆದಿದ್ದ. ಅದನ್ನು ಬರೆಯುವಾಗ ಅವನ ಕಣ್ಣೇ ತೇವವಾಗಿತ್ತು.

ಈಗ ಹನ್ನೊಂದು ಗಂಟೆ. ಮಗುವಿನ ತಲೆ ಬೋಳಿಸಿ ಶ್ರೀಗಂಧ ಹಚ್ಚಿ ಸೋದರಮಾವನ ಮಡಿಲಲ್ಲಿ ಕೂರಿಸುತ್ತಿದ್ದರು. ಪ್ರತಿ ಸಮಾರಂಭದಲ್ಲೂ ಮೂರನೆಯ ಹಾಡನ್ನು ಒಂದು ಸಲ ಹಾಕುವುದು ಜವರಪ್ಪನ ರೂಢಿ, ಯಾರು ಕೇಳಲಿ ಬಿಡಲಿ. ಸವೆದ ರೆಕಾರ್ಡನ್ನು ತೆಗೆದು ಎರಡನೆಯ ಮಗ್ಗುಲು ಮೇಲೆ ಮಾಡಿ ಮುಳ್ಳು ಇಟ್ಟ. ಆ ಉಸಿರು ಹುಣಿಸೆಮರದಿಂದ ಇಡೀ ಊರಿಗೆ ಕೇಳಿಸಿತು. ಬಾಗ್ಲು ತೆರೆದೈತೆ. ಅವನು ಕಣ್ಣು ಮುಚ್ಚಿಕೊಂಡ. ಕೊನೆಯ ಸಾಲು ಈಗ ಹೊಳೆಯುತ್ತದೆ ಅನ್ನಿಸಿತು. ಅಷ್ಟರಲ್ಲಿ ಯಾರೋ ಮೇಜಿನ ಅಂಚನ್ನು ಹಿಡಿದು ನಿಂತಿದ್ದಾರೆ ಅನ್ನಿಸಿ ಕಣ್ಣು ಬಿಟ್ಟ. ಬಿಳಿ ಸೀರೆಯ ಮುದುಕಿ. ಮುಖ ಎಲ್ಲೋ ನೋಡಿದ ಹಾಗಿತ್ತು.

"ಮಗಿನ್ ಕಿವಿ ಚುಚ್ಚೋ ಮನೆ ಮುಂದೆ ಆ ಆಡು ಬ್ಯಾಡ ಕಣಪ್ಪ," ಎಂದಳು ಅವಳು.

ಅವನು ಬೇಲಿಯ ಕಡೆ ನೋಡಿದ. ಊಟಕ್ಕೆಂದು ತಂದ ಆಡು ಅಲ್ಲಿ ಸೊಪ್ಪು ತಿನ್ನುತ್ತ ನಿಂತಿತ್ತು. ಅದು ಮನೆಯವರದಮ್ಮ, ನನ್ನನ್ನು ಯಾಕೆ ಕೇಳ್ತೀಯ ಎಂದ.

"ಅದಲ್ಲ. ನಿನ್ ಪೆಟ್ಟಿಗೇಲಿ ಅಳ್ತಾ ಐತಲ್ಲ, ಆ ಆಡು."

ಅವನಿಗೆ ಮೊದಲು ಗುರುತು ಸಿಕ್ಕಿದ್ದು ಅಂಕಮ್ಮನ ಮುಖವೋ ಅವಳ ಮಾತೋ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವನ ಕಡೆ ಹಾಡಿಗೆ ಪದ ಅನ್ನುತ್ತಾರೆ. ಹುಡುಗರು ತಮಿಳಿನಲ್ಲಿ ಪಾಟ್ಟು ಅನ್ನುತ್ತಾರೆ. ಹಾಡು ಅನ್ನುವವರು ಯಾರೂ ಇಲ್ಲ. ಅಂಕಮ್ಮ ಮೆಟ್ಟೂರು ಕಡೆಯ ಹೊಳೆದಂಡೆಯಿಂದ ಮದುವೆಯಾಗಿ ಬಂದವಳು, ಅಲ್ಲಿ ಹಾಡು ಅನ್ನುತ್ತಾರೆ. ಹಕಾರವಂತೂ ಆ ಕಡೆಯವರ ಬಾಯಲ್ಲೂ ಇಲ್ಲ, ಈ ಕಡೆಯವರ ಬಾಯಲ್ಲೂ ಇಲ್ಲ. ಹಾಡು ಆಡಾಯಿತು. ಆಡು ಆಡೇ ಆಯಿತು. ನನ್ನ ಹಾಡನ್ನು ತೆಗೆದುಕೊಂಡು ಹೋಗಿ ಮದ್ರಾಸಿನಲ್ಲಿ ಮಾರಿಕೊಂಡ. ಹೆಣ್ಣುಮಕ್ಕಳದು. ನಮ್ಮವ್ವನದು, ಅವಳ ಅವ್ವನದು. ಆರು ವರ್ಷದ ಹಿಂದೆ ಅವಳು ಆಡಿದ ಮಾತುಗಳೆಲ್ಲ ಒಂದಾದಮೇಲೊಂದು ಎದ್ದು ನಿಂತು ಅವನನ್ನು ನೋಡಿದವು. ಒಂದು ಮಾತೂ ಹುಚ್ಚು ಮಾತಾಗಿರಲಿಲ್ಲ. ಜವರಪ್ಪನ ಕಿವಿ ಬಿಸಿಯಾಯಿತು. ಅವನು ಮುಳ್ಳನ್ನು ಎತ್ತಿದ. ಊರು ಒಮ್ಮೆಲೇ ನಿಶ್ಶಬ್ದವಾಯಿತು, ಮನೆಯ ಯಜಮಾನ ಇತ್ತ ತಿರುಗಿ ಏನಾಯ್ತು ಎಂದು ಕೈಯಾಡಿಸಿದ. ಮುನುಸ್ವಾಮಿ ಬಂದು ಒಂದು ಸಿನಿಮಾ ಹಾಡು ಹಾಕಿ ಹೋದ.

ಹಾರ್ನಿನ ಸದ್ದಿನಿಂದ ದೂರ, ಗೋಡೆಯ ನೆರಳಿಗೆ ಅವಳನ್ನು ಕರೆದುಕೊಂಡು ಹೋಗಿ ಜವರಪ್ಪ ಕೇಳಿದ. ಕೇಳಬಾರದಿತ್ತು ಅಂತ ಕೇಳುವಾಗಲೇ ಅನ್ನಿಸುತ್ತಿತ್ತು, ಆದರೂ ಅಭಿಮಾನಿಯ ಬಾಯಿ ಸುಮ್ಮನಿರಲಿಲ್ಲ. ನೀರು ಕಾದೈತೆ ಅಂದರೆ ಯಾವ ನೀರಮ್ಮ ಎಂದ.

"ಎಣಕ್ಕೆ ಉಯ್ಯೋ ನೀರು. ಇನ್ಯಾವ ನೀರು?" ಅವಳು ಅವನನ್ನೇ ದಡ್ಡನನ್ನು ನೋಡುವ ಹಾಗೆ ನೋಡಿದಳು. "ನನ್ ಮಗಳು ಚಿನ್ನಕ್ಕ ಓದಾಗ ನಾನೇಳಿದ್ದು. ನಮ್ಮವ್ವ ನನ್ ತಂಗಿಗೇಳಿದ್ಲು. ಎಣ ಇಲ್ದಿರೋ ಮನೇಲಿ ಅದನ್ನ ಯೋಳ್ಬಾರ್ದು. ಯೋಳಿದ್ರೆ ಇನ್ನೊಂದು ಎಣ ಕೇಳ್ತದೆ."

ಹಾಗಾದರೆ ಅವತ್ತು ಕಟ್ಟೆಯ ಮೇಲೆ ಯಾಕೆ ಬಿಡಿಸಿ ಹೇಳಲಿಲ್ಲ ಎಂದು ಅವನು ಕೇಳಿದ. ಧ್ವನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆ ಅಂತ ಅವನಿಗೇ ಗೊತ್ತಿರಲಿಲ್ಲ. ಅಂಕಮ್ಮ ಸಿಟ್ಟಾಗಲಿಲ್ಲ. ನೀವು ನಗ್ತಿದ್ರಿ ಎಂದಳು. ಯಾವ ಆಡು ಅಂತ ತೋರಿಸಬೇಕಾದರೆ ಹಾಡಿಯೇ ತೋರಿಸಬೇಕಾಗಿತ್ತು, ಬದುಕಿರೋ ಅಷ್ಟು ಜನರ ಮುಂದೆ ಅದನ್ನು ಹಾಡಲು ಆಗುತ್ತದೆಯೇ ಎಂದಳು. ಮುನಿವೆಂಕಟಪ್ಪ ಅವತ್ತು ಬಾಗಿಲಿಗೆ ಕಟ್ಟಿದ ಆಡು ಈಗಲೂ ಇದೆಯಂತೆ, ಐದು ಮರಿ ಹಾಕಿದೆಯಂತೆ. ಅವಳು ಅದರ ಹಾಲು ಒಂದು ತೊಟ್ಟೂ ಕುಡಿದಿಲ್ಲ.

ಜವರಪ್ಪನಿಗೆ ಉಪಾಯ ಹೊಳೆಯಿತು. ಹೊಳೆದ ಕೂಡಲೇ ಮೈ ಹಗುರಾಯಿತು, ಇಷ್ಟು ಸುಲಭವೇ ಅನ್ನಿಸಿತು. ಜೇಬಿನಿಂದ ಹಾಳೆ ತೆಗೆದು ಅವಳ ಮುಂದೆ ಹಿಡಿದ. ಮದ್ರಾಸಿನವರು ಹೊಸದಾಗಿ ಸಾವಿರ ರೆಕಾರ್ಡು ಮಾಡುತ್ತಾರೆ, ಹೊಸ ಕವರು ಬರುತ್ತದೆ. ಆಡಿನ ಕಥೆಯನ್ನು ಹೊಡೆದುಹಾಕುತ್ತೇನೆ, ಮೂರನೆಯ ಪದ ಅಂಕಮ್ಮನದು ಅಂತ ದಪ್ಪಕ್ಷರದಲ್ಲಿ ಬರೆಯುತ್ತೇನೆ, ನಿನ್ನ ಹೆಸರು ಮದ್ರಾಸಿನತನಕ ಗೊತ್ತಾಗುತ್ತದೆ ಎಂದ. ಅವನ ಲೆಕ್ಕದಲ್ಲಿ ಹಾಡಿಗೆ ಆಗಬಹುದಾದ ಅನ್ಯಾಯ ಒಂದೇ, ಕಟ್ಟಿದವರ ಹೆಸರು ತಪ್ಪುವುದು. ಅದನ್ನು ತಿದ್ದಿದರೆ ಎಲ್ಲವೂ ತಿದ್ದಿದಂತೆ. ಅಂಕಮ್ಮ ಹಾಳೆಯ ಮೇಲಿನ ಅಕ್ಷರಗಳನ್ನು ನೋಡಿದಳು. ಅವಳಿಗೆ ಓದಲು ಬಾರದು.

"ಸಾವಿರ ಮನೇಲಾ?" ಎಂದಳು.

ಅವನು ಹೌದೆಂದು ತಲೆಯಾಡಿಸಿದ.

"ನನ್ನೆಸ್ರು ಯಾಕಪ್ಪ? ನಾನು ನಿಲ್ಸು ಅಂದೆ. ನೀನು ಕೊಡದೆ ಓದ್ರೆ ಅವ್ರು ಮಾಡಾಕಾಯ್ತದಾ?"

ಸುಳ್ಳು ಹೇಳಬಹುದಿತ್ತು. ನನ್ನ ಕೈಲಿ ಏನೂ ಇಲ್ಲಮ್ಮ ಅಂದಿದ್ದರೆ ಅವಳು ನಂಬುತ್ತಿದ್ದಳು, ಅವನೂ ನಿಧಾನವಾಗಿ ನಂಬುತ್ತಿದ್ದ. ಆದರೆ ತನ್ನದೊಂದೇ ಒಳ್ಳೆಯ ರೆಕಾರ್ಡು ಎಂಬ ಹೆಮ್ಮೆ ಎಷ್ಟು ದಿನದಿಂದ ನಾಲಿಗೆಯ ಮೇಲಿತ್ತೆಂದರೆ, ಅದೇ ಮೊದಲು ಹೊರಬಿತ್ತು. ನಾನು ಕೊಡದಿದ್ದರೆ ಆಗಲ್ಲ ಎಂದುಬಿಟ್ಟ. ಅಂಕಮ್ಮ ಮಗುವಿಗೆ ಅಕ್ಷತೆ ಹಾಕಬೇಕು ಅಂತ ಒಳಗೆ ಹೋದಳು.

ಊಟಕ್ಕೆ ನಿಲ್ಲದೆ, ಸೆಟ್ಟನ್ನು ಮುನುಸ್ವಾಮಿಗೆ ಒಪ್ಪಿಸಿ ಅವನು ಬಸ್ಸು ಹತ್ತಿದ. ಧರ್ಮಪುರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತಾನು ತಪ್ಪು ಮಾಡಿಲ್ಲ ಅಂತ ತನಗೇ ಹೇಳಿಕೊಂಡ. ಆಡು ಅಂದಳು, ಆಡು ಅಂತ ಬರೆದೆ. ಊರಿಗೆ ಊರೇ ಹಾಗೆ ಕೇಳಿಸಿಕೊಂಡಾಗ ನನ್ನ ಕಿವಿ ಒಂದೇ ಬೇರೆಯಾಗಿತ್ತೇ? ಎದುರಿನ ಸೀಟಿನ ಹೆಂಗಸಿನ ಕುಕ್ಕೆಯಲ್ಲಿ ಬಾಳೆಕಾಯಿ ಅಲ್ಲಾಡುತ್ತಿದ್ದವು. ಕಂಡಕ್ಟರು ಎರಡು ಸಲ ಟಿಕೆಟ್ ಕೇಳಿ ಮೂರನೆಯ ಸಲ ಗದರಿಸಿದ, ಅಕ್ಕಪಕ್ಕದವರು ತಿರುಗಿ ನೋಡಿದರು. ನಿನ್ನ ಕಿವಿ ಬೇರೆಯಾಗಿತ್ತು ಎಂದಿತು ಮನಸ್ಸು. ಪಂಚಾಯ್ತಿಯ ಹಿಂದಿನ ದಿನವಷ್ಟೇ ನೀನು ಆ ಹಾಡನ್ನು ಏಳು ಸಲ ಹಾಕಿದ್ದೆ. ಅವಳು ಬಂದು ಹಾರ್ನಿನ ಕೆಳಗೆ ನಿಂತಿದ್ದನ್ನು ನೋಡಿದ್ದೆ. ನಮ್ಮವ್ವಂದು, ಅವ್ಳವ್ವಂದು ಅಂದಾಗ ಪೆನ್ನು ನಿಂತಿತು, ಹೌದೋ ಅಲ್ಲವೋ? ನಿಂತಿತ್ತು. ಎಲ್ಲರೂ ನಗುತ್ತಿದ್ದಾಗ ಅವನು ತಲೆಯೆತ್ತಿ ಮುನಿವೆಂಕಟಪ್ಪನನ್ನು ನೋಡಿದ್ದ, ಮುನಿವೆಂಕಟಪ್ಪನ ಕತ್ತಿನ ನರ ಬಿಗಿದಿತ್ತು. ಆಮೇಲೆ ಹಿರಿಯರು ಬರ್ಕೋ ಬರ್ಕೋ ಎಂದರು. 'ಪೆಟ್ಟೈ ಆಡು' ಎಂದು ಬರೆದು ಜೋರಾಗಿ ಓದಿದಾಗ ಆ ಮನುಷ್ಯನ ಹೆಗಲು ಇಳಿಯಿತು. ಅದನ್ನೂ ನೋಡಿದ್ದ. ಆಗಷ್ಟೇ ಒಂದು ಹಾಡನ್ನು ಪ್ರೀತಿಸಲು ಶುರುಮಾಡಿದ್ದ ಜವರಪ್ಪನಿಗೆ ಅದು ಇನ್ನೊಬ್ಬರದಾಗುವುದು ಬೇಕಿರಲಿಲ್ಲ. ಇದನ್ನು ಒಪ್ಪಿಕೊಂಡಾಗ ಬಸ್ಸು ಧರ್ಮಪುರಿ ಸ್ಟ್ಯಾಂಡಿನೊಳಗೆ ತಿರುಗುತ್ತಿತ್ತು. ಅಲ್ಲ, ಗೊತ್ತಿರಲಿಲ್ಲ, ಖಂಡಿತ ಗೊತ್ತಿರಲಿಲ್ಲ ಅಂತ ಇಳಿಯುವಾಗ ಮತ್ತೆ ಹೇಳಿಕೊಂಡ.

ಅದಿಯಮಾನ್‌ಕೋಟೆಯಲ್ಲಿ ಇಳಿದಾಗ ನಾಲ್ಕೂವರೆ. ಟೀ ಅಂಗಡಿಯ ಬೆಂಚಿನ ಮೇಲೆ ಮುನಿವೆಂಕಟಪ್ಪ ಕೂತಿದ್ದ. ರೆಕಾರ್ಡನ್ನು ಕಳಿಸಿಕೊಡಲು ಬಂದಿದ್ದ, ಹೊಸ ಬಿಳಿ ಅಂಗಿ ಹಾಕಿದ್ದ, ಕೈಗಳನ್ನು ಮೊಣಕಾಲಿನ ನಡುವೆ ಇಟ್ಟುಕೊಂಡಿದ್ದ. ನಲವತ್ತೈದರ ಆಳು, ಮಾತು ಕಡಿಮೆ. ಭಾನುವಾರದ ಮಾತು ಮೂರನೆಯ ಹಾಡಿಗೆ ಬಂದಾಗಲೆಲ್ಲ ಕುರಿ ನೋಡಿ ಬರ್ತೀನಿ ಅಂತ ಎದ್ದುಹೋಗುತ್ತಿದ್ದ. ನೋಡಿ, ದೊಡ್ಡವರ ವಿನಯ ಎಂದು ಜವರಪ್ಪ ಹಿಂದಿನಿಂದ ಉಳಿದವರಿಗೆ ಹೇಳುತ್ತಿದ್ದ. ಈಗ ಅವನು ಪಕ್ಕದಲ್ಲಿ ಕೂತ. ಅಂಗಡಿಯವನು ಹೇಳದೆಯೇ ಎರಡು ಟೀ ತಂದಿಟ್ಟ. ಬರೆದಾಯ್ತಾ ಎಂದು ಮುನಿವೆಂಕಟಪ್ಪ ಕೇಳಿದ್ದಕ್ಕೆ ಜವರಪ್ಪ ಬೇರೆಯೇ ಕೇಳಿದ.

"ಅಣ್ಣ, ಅವತ್ತು ಅಂಕಮ್ಮಂಗೆ ಆಡು ಯಾಕೆ ಕೊಟ್ಟೆ?"

ಮುನಿವೆಂಕಟಪ್ಪ ಟೀ ಲೋಟವನ್ನು ಕೆಳಗಿಟ್ಟ. "ನೀನು ಬರ್ದೆಯಲ್ಲ, ಅದ್ಕೆ."

"ಅವ್ಳು ಯೋಳಿದ್ದನ್ನ ಬರ್ದೆ."

"ಅವ್ಳು ಏನ್ ಯೋಳಿದ್ಲು ಅಂತ ನಂಗೂ ಗೊತ್ತಿತ್ತು, ನಿಂಗೂ ಗೊತ್ತಿತ್ತು. ನನ್ ಮಾನ ಉಳ್ಸೋಕೆ ಬರ್ದೆ ನೀನು. ಆ ಋಣಕ್ಕೆ ಆರು ವರ್ಸದಿಂದ ನಿನ್ ಮುಂದೆ ತಲೆ ಎತ್ತಿಲ್ಲ ಕಣಪ್ಪ ನಾನು."

ಗೊತ್ತಿರಲಿಲ್ಲ ಎಂಬ ಮಾತನ್ನು ಜವರಪ್ಪ ಟೀಯ ಜೊತೆ ನುಂಗಿದ. ಇಷ್ಟು ದಿನ ತಾನು ಈ ಮನುಷ್ಯನ ಭಕ್ತ ಅಂದುಕೊಂಡಿದ್ದ, ಈ ಮನುಷ್ಯ ತನ್ನನ್ನು ಗುಟ್ಟಿನ ಪಾಲುಗಾರ ಅಂದುಕೊಂಡು ಅಂಜಿ ನಡೆದುಕೊಂಡಿದ್ದ. ಮುನಿವೆಂಕಟಪ್ಪ ರಸ್ತೆ ನೋಡುತ್ತ, ಒಂದೊಂದೇ ಮಾತು ತೆಗೆದು ಹೇಳಿದ. ಚಿನ್ನಕ್ಕ ಸತ್ತ ದಿನ ಹೊರಗೆ ಒಲೆ ಹೂಡಿ ನೀರು ಕಾಯಿಸಿದ್ದು ಅವನೇ. ಒಳಗೆ ಅಂಕಮ್ಮ ಹಾಡುತ್ತಿದ್ದಳು. ಸೌದೆ ಹಸಿಯಾಗಿತ್ತು, ಹೊಗೆಗೆ ಕಣ್ಣಲ್ಲಿ ನೀರು ಬಂತು ಅಂತ ಎಲ್ಲರೂ ಅಂದುಕೊಂಡರು. ಅವನೂ ಹೌದೆಂದ. ಆ ಹುಡುಗಿಯನ್ನು ಬೇರೆ ಊರಿಗೆ ಕೊಟ್ಟಿದ್ದರು, ಹೆರಿಗೆಗೆ ಬಂದಿದ್ದಳು, ಇಷ್ಟೇ ಹೇಳಿದ. ಮದ್ರಾಸಿನಲ್ಲಿ ಮೂರು ಪದ ಮುಗಿದ ಮೇಲೆ ಇನ್ನೊಂದು ಬೇಕು ಎಂದರು. ಗಾಜಿನ ಕೋಣೆಯಲ್ಲಿ ನಿಂತಾಗ ಬೇರೆ ಯಾವುದೂ ನೆನಪಿಗೆ ಬರಲಿಲ್ಲ. ಅವರು ಅದನ್ನು ಮೂರನೆಯದಾಗಿ ಸೇರಿಸಿದರು.

ಜವರಪ್ಪ ಅಂಕಮ್ಮ ಏನು ಕೇಳಿದಳೆಂದು ಹೇಳಿದ. ಹೆಸರು ಬೇಡವಂತೆ, ಹಾಡು ನಿಲ್ಲಬೇಕಂತೆ. ಮುನಿವೆಂಕಟಪ್ಪ ಬೇಡ ಅನ್ನುತ್ತಾನೆ, ಇಲ್ಲವೇ ಕೊಡು ಅನ್ನುತ್ತಾನೆ, ಏನಾದರೂ ಒಂದು ಅಂದರೆ ಭಾರ ಅವನ ತಲೆಗೆ ಹೋಗುತ್ತದೆ ಅಂತ ಕಾದ. ಮುನಿವೆಂಕಟಪ್ಪ ತನ್ನ ಬಿಳಿ ಅಂಗಿಯ ತೋಳನ್ನು ಮಡಿಸಿದ, ಮತ್ತೆ ಬಿಚ್ಚಿದ. ಆ ಅಂಗಿ ಈ ದಿನಕ್ಕೆಂದೇ ಹೊಲಿಸಿದ್ದು ಅಂತ ನೋಡಿದರೆ ತಿಳಿಯುತ್ತಿತ್ತು. ಅಷ್ಟರಲ್ಲಿ ಸೇಲಂ ಬಸ್ಸು ಬಂದು ನಿಂತಿತು. ಪಳನಿಸ್ವಾಮಿ ಇಳಿದು ಬಂದು ಮೊದಲು ಹಾಡುಗಾರನಿಗೆ ಎರಡೂ ಕೈ ಮುಗಿದ, ಆಮೇಲೆ ಜವರಪ್ಪನ ಕಡೆ ತಿರುಗಿ "ಎನ್ನ ಸಾರ್, ರೆಡಿಯಾ? ಅಂಜು ನಿಮಿಷಂದಾನ್" ಎಂದ. ಐದು ನಿಮಿಷ ಮಾತ್ರ ಬಸ್ಸು ನಿಲ್ಲುವುದು. ಅವನು ಒಲೆಯ ಹತ್ತಿರ ಹೋಗಿ ಟೀ ಹೇಳಿ, ಕಂಪನಿಯವರು ಎಷ್ಟು ಉತ್ಸಾಹದಿಂದಿದ್ದಾರೆ ಎಂದು ಅಂಗಡಿಯವನಿಗೆ ಹೇಳತೊಡಗಿದ.

ಜವರಪ್ಪ ಅವನಿಗೆ ಬೆನ್ನು ಮಾಡಿ ಕೂತು ಚೀಲ ಬಿಚ್ಚಿದ. ಚೀಲದ ಗುಂಡಿ ಕಿತ್ತುಹೋಗಿ ಅಲ್ಲಿಗೊಂದು ಸೇಫ್ಟಿಪಿನ್ನು ಹಾಕಿದ್ದ. ಸೀರೆಯ ಸುತ್ತು ಬಿಡಿಸಿದಾಗ ರೆಕಾರ್ಡಿನ ಕಪ್ಪಿನಲ್ಲಿ ಟೀ ಅಂಗಡಿಯ ತಟ್ಟಿ, ಬಸ್ಸಿನ ಚಕ್ರ, ಅವನದೇ ಗಡ್ಡ ಎಲ್ಲವೂ ಕಂಡವು. ಕೊಡುವುದಿಲ್ಲ ಎಂದರೆ ಪಳನಿಸ್ವಾಮಿ ಬಿಡುವವನಲ್ಲ. ಮುಂದಿನ ವಾರ ಬರುತ್ತಾನೆ, ಕಾಲು ಹಿಡಿಯುತ್ತಾನೆ, ಆ ಹಾಡಿನ ಬಗ್ಗೆ ಜವರಪ್ಪನೇ ಆಡಿದ ಮಾತುಗಳನ್ನು ಜವರಪ್ಪನಿಗೇ ಹೇಳುತ್ತಾನೆ. ಆಗ ತಾನು ಕೊಟ್ಟೇಬಿಡುತ್ತೇನೆ ಅಂತ ಅವನಿಗೆ ಗೊತ್ತಿತ್ತು. ತನ್ನ ಮೇಲೆ ಅವನಿಗೆ ಅಷ್ಟು ನಂಬಿಕೆಯೂ ಉಳಿದಿರಲಿಲ್ಲ. ಪಿನ್ನಿನ ಮೊನೆ ಬಿಡಿಸಿದ. ಎರಡನೆಯ ಮಗ್ಗುಲು ಮೇಲೆ ಮಾಡಿ ಮೊನೆಯನ್ನು ಅಂಚಿನಲ್ಲಿ ಇಟ್ಟ. ಪಕ್ಕದಲ್ಲಿ ಮುನಿವೆಂಕಟಪ್ಪ ನೋಡುತ್ತಿದ್ದ, ತಡೆಯಲಿಲ್ಲ. ಜವರಪ್ಪ ಹಲ್ಲು ಕಚ್ಚಿ ಅಂಚಿನಿಂದ ನಡುವಿನ ಕಾಗದದವರೆಗೆ ಒಂದೇ ಎಳೆತ ಎಳೆದ. ಆಮೇಲೆ ಸಾಲದೇನೋ ಎಂದು ಅಡ್ಡಕ್ಕೆ ಇನ್ನೆರಡು. ಆ ಸದ್ದು ಅವನ ದವಡೆಯಲ್ಲಿ ಕೂತುಬಿಟ್ಟಿತು.

ಪಳನಿಸ್ವಾಮಿ ಟೀ ಹಿಡಿದು ಬಂದಾಗ, ಬಸ್ಸಿನ ನೂಕಾಟದಲ್ಲಿ ಪಿನ್ನು ಬಿಚ್ಚಿಕೊಂಡು ಚುಚ್ಚಿಬಿಟ್ಟಿದೆ ಎಂದು ಜವರಪ್ಪ ಹೇಳಿದ. ಪಳನಿಸ್ವಾಮಿ ಗೀರಿನ ಮೇಲೆ ಬೆರಳಾಡಿಸಿದ. ಒಂದೇ ಪಿನ್ನು ಮೂರು ಕಡೆ ಹೇಗೆ ಚುಚ್ಚಿತೆಂದು ಕೇಳುವಷ್ಟು ಕೆಟ್ಟವನಲ್ಲ ಅವನು, ಅಥವಾ ಅಳು ಬಂದದ್ದರಿಂದ ಕೇಳಲಿಲ್ಲ. ಮೊದಲ ಮಗ್ಗುಲು ಚೆನ್ನಾಗಿದೆಯಲ್ಲ, ಅದನ್ನಾದರೂ ಎಂದು ಶುರುಮಾಡಿ ತಾನೇ ನಿಲ್ಲಿಸಿದ. ಮೂರನೆಯ ಹಾಡಿಲ್ಲದೆ ಕಂಪನಿಯವರು ಅದನ್ನು ಮುಟ್ಟುವುದಿಲ್ಲ, ಎಲ್ಲರೂ ಅದನ್ನೇ ಕೇಳುವುದು ಎಂದ. ಬರೆದದ್ದನ್ನಾದರೂ ಕೊಡಿ ಸಾರ್ ಎಂದ. ಜವರಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡು ಬೇಡ ಎಂದ. ಬಸ್ಸಿನ ಹಾರ್ನು ಹೊಡೆಯಿತು. ಪಳನಿಸ್ವಾಮಿ ಕುಡಿಯದ ಟೀಯನ್ನು ಬೆಂಚಿನ ಮೇಲಿಟ್ಟು ಓಡಿದ.

ಬಸ್ಸು ಹೋದ ಮೇಲೆ ಧೂಳು ಇಳಿಯಲು ಸ್ವಲ್ಪ ಹೊತ್ತಾಯಿತು. ಜವರಪ್ಪನ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಭಯಕ್ಕಲ್ಲ. ಜೀವನದಲ್ಲಿ ಮೊದಲ ಸಲ ಒಂದು ನ್ಯಾಯದ ಕೆಲಸ ಮಾಡಿದೆ, ಅದೂ ತನಗೆ ಅತಿ ಪ್ರಿಯವಾದದ್ದನ್ನು ಬಿಟ್ಟುಕೊಟ್ಟು ಮಾಡಿದೆ ಎಂಬ ಬಿಸಿ ಅದು. ಅವನು ಮುನಿವೆಂಕಟಪ್ಪನಿಂದ ಏನೋ ಒಂದು ಮಾತಿಗಾಗಿ ಕಾದ. ಮುನಿವೆಂಕಟಪ್ಪ ಅವನ ತೊಡೆಯ ಮೇಲಿನ ರೆಕಾರ್ಡನ್ನು ತೆಗೆದುಕೊಂಡು ಬೆಳಕಿಗೆ ಓರೆಯಾಗಿ ಹಿಡಿದ.

"ಮೂರನೇದು ಇಲ್ಲೀಗೇ ಮುಗೀತದೆ," ಎಂದ, ಎರಡು ಹಾಡುಗಳ ನಡುವೆ ನುಣುಪಾಗಿ ಮಿಂಚುವ ತೆಳ್ಳನೆಯ ಬಳೆಯ ಮೇಲೆ ಉಗುರಿಟ್ಟು. ಉಗುರನ್ನು ಗೀರಿನ ಜೊತೆಯಲ್ಲೇ ಒಳಕ್ಕೆ ಎಳೆದ. "ಇದರಿಂದೀಚೆಗೆ ನಾಕನೇದು. ಅದು ನಂದು. ಆ ಕಡೆ ಮಗ್ಗುಲಾಗಿರೋ ಎರಡೂ ನನ್ನವೇ. ಕುರಿ ಇಂದೆ ತಿರುಗ್ತಾ ನಾನೇ ಕಟ್ಟಿದ್ದು."

ಮುನಿವೆಂಕಟಪ್ಪ ಅವನ ಕಡೆ ತಿರುಗಿದ.

"ಆರು ವರ್ಸದಾಗೆ ಅವುಗಳ್ ಮಾತು ನೀನು ಒಂದಿನಾನೂ ಎತ್ಲಿಲ್ಲ. ನಾಕನೇದ್ರ ಮೊದ್ಲು ಸಾಲು ಯೋಳು, ಕೇಳಾನ."

ಜವರಪ್ಪ ತುಟಿ ಬಿಚ್ಚಿದ. ಮೂರನೆಯ ಹಾಡು ಮುಗಿದ ಕೂಡಲೇ ಮುಳ್ಳೆತ್ತುವುದು ಅವನ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಅದರಾಚೆ ಅವನಿಗೆ ಕೇಳಿಸುತ್ತಿದ್ದುದು ಬರೀ ಕರಕರ ಸದ್ದು. ನಾಲ್ಕನೆಯದು ಹೋಗಲಿ, ಎರಡನೆಯದನ್ನು ಹುಡುಕಿದ. ಕಂಜಿರದ ಪೆಟ್ಟು ಸಿಕ್ಕಿತು, ಮಾತು ಸಿಗಲಿಲ್ಲ. ಮೊದಲನೆಯದರಲ್ಲಿ ಒಂದು ಬೆಟ್ಟವೋ ಹಳ್ಳವೋ ಬರುತ್ತಿತ್ತು. ಅಂಗಡಿಯವನು ಪಳನಿಸ್ವಾಮಿಯ ಲೋಟವನ್ನು ಎತ್ತಿಕೊಂಡು ಹೋದ. ಮುನಿವೆಂಕಟಪ್ಪ ಅವಸರ ಮಾಡಲಿಲ್ಲ. ರೆಕಾರ್ಡನ್ನು ಮಡಿಲಲ್ಲಿಟ್ಟುಕೊಂಡು, ನೇರವಾಗಿ ಜವರಪ್ಪನ ಮುಖವನ್ನೇ ನೋಡುತ್ತ, ಉತ್ತರಕ್ಕಾಗಿ ಕಾದು ಕೂತ.